ಮನೆಯಲ್ಲಿ ರಿಪೇರಿ ಮಾಡಿದ ಮೇಲೆ ಬೈಕ್ ಸ್ಟಾರ್ಟ್ ಆಗದಿದ್ದರೆ: ದೋಷ ಹುಡುಕುವ ಕ್ರಮ

ನಿನ್ನೆಯವರೆಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿದ್ದ ಗಾಡಿ ಅದು. ಅಂಗಳದಲ್ಲಿ ಕೂತು ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದೀರಿ, ಹೊಸ ಪ್ಲಗ್ ಹಾಕಿದ್ದೀರಿ, ಟ್ಯಾಪೆಟ್, ಅಂದರೆ ವಾಲ್ವಿನ ನೆತ್ತಿಯ ಸಂದಿ, ಸರಿಮಾಡಿದ್ದೀರಿ. ಈಗ ಎಷ್ಟು ಕಿಕ್ ಹೊಡೆದರೂ ಉಸಿರೆತ್ತುತ್ತಿಲ್ಲ. ಇಂಥ ಹೊತ್ತಿನಲ್ಲಿ ಮನಸ್ಸು ನೇರವಾಗಿ ದೊಡ್ಡ ರೋಗಗಳ ಕಡೆಗೆ ಓಡುತ್ತದೆ: ಕಿಡಿಯನ್ನು ಹೊತ್ತಿಗೆ ಸರಿಯಾಗಿ ಹಾರಿಸುವ ಸಿಡಿಐ ಡಬ್ಬಿ ಸುಟ್ಟಿರಬೇಕು, ಕಿಡಿಗೆ ವೋಲ್ಟೇಜು ಏರಿಸುವ ಕಾಯಿಲ್ ಹೋಗಿರಬೇಕು, ಎಂಜಿನ್ನೇ ಕೆಟ್ಟಿರಬೇಕು. ದಯವಿಟ್ಟು ಆ ದಾರಿ ಹಿಡಿಯಬೇಡಿ. ರಿಪೇರಿಗೆ ಮುಂಚೆ ಓಡುತ್ತಿದ್ದ ಗಾಡಿ ರಿಪೇರಿಯ ನಂತರ ನಿಂತಿದೆ ಎಂದರೆ, ದೋಷ ನೂರಕ್ಕೆ ತೊಂಬತ್ತು ಪಾಲು ನಿಮ್ಮ ಕೈ ಹೋದ ಜಾಗದಲ್ಲೇ ಇರುತ್ತದೆ. ಮುಟ್ಟದ ಭಾಗ ಅದೇ ದಿನ, ಅದೇ ಗಂಟೆಯಲ್ಲಿ ತಾನಾಗಿ ಕೆಡುವುದು ಬಲು ಅಪರೂಪ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಕಾರ್ಬೊರೇಟರ್ ಇರುವ 100ರಿಂದ 125 ಸಿಸಿ ಗಾಡಿಗಳ ಬಗ್ಗೆ. 1994ರಲ್ಲಿ ಬಂದ ಸ್ಪ್ಲೆಂಡರ್ ಮತ್ತು ಅದರ ಓರಗೆಯ ಗಾಡಿಗಳು ಇಂದಿಗೂ ನಮ್ಮ ಊರುಗಳಲ್ಲಿ ಹಾಲಿನ ಡೈರಿಗೂ ತೋಟಕ್ಕೂ ಓಡಾಡುತ್ತಿವೆ, ಮನೆಯಲ್ಲಿ ಬಿಚ್ಚಿ ಕಟ್ಟುವುದಕ್ಕೆ ಅವುಗಳಷ್ಟು ಒಗ್ಗುವ ಗಾಡಿ ಬೇರೆ ಇಲ್ಲ. 2020ರ ಏಪ್ರಿಲ್‌ನಿಂದ ಹೊಗೆಯ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಗಾಡಿಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಅವುಗಳ ಮಾತು ಕೊನೆಯ ಕಡೆಗೆ ಇದೆ.

ಮೊದಲು ಕಿಕ್ ಹೊಡೆಯುವುದನ್ನು ನಿಲ್ಲಿಸಿ

ಸ್ಟಾರ್ಟ್ ಆಗದ ಗಾಡಿಗೆ ಮತ್ತೆ ಮತ್ತೆ ಕಿಕ್ ಹೊಡೆದರೆ ಸಿಲಿಂಡರಿನೊಳಗೆ ಪೆಟ್ರೋಲ್ ತುಂಬಿಕೊಂಡು ಪ್ಲಗ್ ತೊಯ್ಯುತ್ತದೆ. ಆಗ ಇದ್ದ ಒಂದು ದೋಷದ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಸೆಲ್ಫ್ ಒತ್ತುತ್ತಲೇ ಇದ್ದರೆ ಬ್ಯಾಟರಿ ಬರಿದಾಗುತ್ತದೆ. ತಳ್ಳಿ ಸ್ಟಾರ್ಟ್ ಮಾಡೋಣ ಎಂದು ನೆರೆಹೊರೆಯವರನ್ನು ಕರೆಯುವುದು ಅದಕ್ಕಿಂತ ಅಪಾಯ. ವಾಲ್ವ್‌ಗಳನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಟೈಮಿಂಗ್ ಚೈನಿಗೆ ಕೈ ಹಾಕಿದ್ದು, ಅದು ಕೆಲವು ಹಲ್ಲು ತಪ್ಪಿ ಕೂತಿದ್ದರೆ, ತಳ್ಳಿದ ರಭಸಕ್ಕೆ ವಾಲ್ವ್ ಬಾಗಬಹುದು.

ಒಂದು ಚೀಟಿ ತೆಗೆದುಕೊಂಡು ಏನೇನು ಬಿಚ್ಚಿದಿರಿ ಎಂಬುದನ್ನು ಕ್ರಮವಾಗಿ ಬರೆಯಿರಿ. ಸೀಟು, ಟ್ಯಾಂಕು, ಏರ್ ಫಿಲ್ಟರ್ ಪೈಪು, ಕಾರ್ಬೊರೇಟರ್, ಪ್ಲಗ್, ಟ್ಯಾಪೆಟ್ ಮುಚ್ಚಳ, ಹೀಗೆ. ಕೆಲಸಕ್ಕಲ್ಲದೆ ದಾರಿಗೆ ಅಡ್ಡವೆಂದು ಸರಿಸಿದ್ದನ್ನೂ ಬರೆಯಿರಿ. ಪರೀಕ್ಷೆಯನ್ನು ಈ ಪಟ್ಟಿಯ ಕೆಳಗಿನಿಂದ ಮೇಲಕ್ಕೆ, ಅಂದರೆ ಕೊನೆಯಲ್ಲಿ ಮುಟ್ಟಿದ್ದರಿಂದ ಹಿಂದಕ್ಕೆ ಮಾಡಬೇಕು. ಪಕ್ಕದಲ್ಲಿ ಉಳಿದಿರುವ ಸ್ಕ್ರೂ, ವಾಷರ್, ರಬ್ಬರ್ ರಿಂಗ್ ಇದ್ದರೆ ಅದು ಎಲ್ಲಿಯದು ಎಂದು ಈಗಲೇ ಪತ್ತೆ ಮಾಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಸ್ಪ್ಯಾನರ್ ಹಿಡಿಯುವ ಮುಂಚೆ ಕಣ್ಣಿನಿಂದ ನೋಡಬೇಕಾದವು ಕೆಲವಿವೆ. ಟ್ಯಾಂಕ್ ಇಳಿಸುವಾಗ ಮುಚ್ಚಿದ ಪೆಟ್ರೋಲ್ ಕಾಕ್ ತೆರೆದಿದೆಯೇ? ಹ್ಯಾಂಡಲಿನಲ್ಲಿ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಇರುವ ಗಾಡಿಯಾದರೆ ಒರೆಸುವಾಗ ಅದು ಆಫ್ ಕಡೆಗೆ ಸರಿದಿದೆಯೇ? ನ್ಯೂಟ್ರಲ್ ದೀಪ ಬರುತ್ತಿದೆಯೇ? ಪ್ಲಗ್ ಕ್ಯಾಪ್ ಕೊನೆಯವರೆಗೆ ಕೂತಿದೆಯೇ? ಟ್ಯಾಂಕಿನ ಅಡಿ ಪೆಟ್ರೋಲ್ ಪೈಪು ಮಡಚಿಕೊಂಡಿದೆಯೇ? ಏರ್ ಫಿಲ್ಟರ್ ಡಬ್ಬಿಯೊಳಗೋ ಎಂಜಿನ್ನಿನ ಬಾಯಲ್ಲೋ ಬಟ್ಟೆ ಉಳಿದಿದೆಯೇ? ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರ್ಬೊರೇಟರ್ ತೆಗೆದಾಗ ಎಂಜಿನ್ನಿನ ಬಾಯಿಗೆ ಧೂಳು ಹೋಗದಿರಲಿ ಎಂದು ತುರುಕಿದ ಬಟ್ಟೆಯ ತುಂಡು ಅಲ್ಲೇ ಉಳಿದುಬಿಟ್ಟರೆ ಎಂಜಿನ್ನಿಗೆ ಗಾಳಿಯೇ ಸಿಗುವುದಿಲ್ಲ.

ಪ್ಲಗ್ ಬಿಚ್ಚಿ ನೋಡಿ: ಒದ್ದೆಯೋ, ಒಣಗಿದೆಯೋ

ಎಂಜಿನ್ ಹೊತ್ತಿಕೊಳ್ಳಲು ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಪ್ರಮಾಣದಲ್ಲಿ ಪೆಟ್ರೋಲ್ ಮತ್ತು ಗಾಳಿ, ಸಾಕಷ್ಟು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಮಿಶ್ರಣ ಒತ್ತಿಕೊಳ್ಳುವ ಬಲ, ಬೇಕು. ಇವುಗಳಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಪ್ಲಗ್ ಹೇಳುತ್ತದೆ. ಚೋಕ್ ಎಳೆದು ಆರೇಳು ಕಿಕ್ ಹೊಡೆದು, ತಕ್ಷಣ ಪ್ಲಗ್ ಬಿಚ್ಚಿ ತುದಿಯನ್ನು ನೋಡಿ, ಮೂಸಿ. ಒಣಗಿದ್ದು ಪೆಟ್ರೋಲಿನ ವಾಸನೆಯೇ ಇಲ್ಲದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ತಲುಪುತ್ತಿಲ್ಲ, ಕಾರ್ಬೊರೇಟರ್ ಕಡೆಗೆ ಹೋಗಿ. ತುದಿ ತೊಯ್ದು ಹೊಳೆಯುತ್ತಿದ್ದರೆ ಪೆಟ್ರೋಲ್ ಬರುತ್ತಿದೆ ಆದರೆ ಉರಿಯುತ್ತಿಲ್ಲ, ಮೊದಲು ಕಿಡಿಯನ್ನು ನೋಡಿ.

ಕಿಡಿ ನೋಡುವಾಗ ಒಂದು ಎಚ್ಚರಿಕೆ ಬೇಕು. ತೊಯ್ದ ಎಂಜಿನ್ನಿನ ಪ್ಲಗ್ ತೂತಿನಿಂದ ಪೆಟ್ರೋಲಿನ ಆವಿ ಹೊರಗೆ ಚಿಮ್ಮುತ್ತದೆ. ಆದ್ದರಿಂದ ಚೆಲ್ಲಿದ ಪೆಟ್ರೋಲನ್ನು ಪೂರ್ತಿ ಒರೆಸಿ, ಒರೆಸಿದ ಬಟ್ಟೆಯನ್ನು ದೂರ ಎಸೆದು, ಗಾಡಿಯನ್ನು ಬಯಲಿಗೆ ತಂದ ಮೇಲಷ್ಟೇ ಈ ಪರೀಕ್ಷೆ ಮಾಡಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ ಹೆಡ್ಡಿಗೆ ಗಟ್ಟಿಯಾಗಿ ತಾಗುವಂತೆ, ಪ್ಲಗ್ ತೂತಿನಿಂದ ಆದಷ್ಟು ದೂರದಲ್ಲಿ ಇರಿಸಿ, ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ನೀಲಿ ಬಣ್ಣದ, ಚಟ್ ಎನ್ನುವ ಕಿಡಿ ಒಳ್ಳೆಯ ಕಿಡಿ. ಹಳದಿಯಾಗಿ ಸಣ್ಣಗೆ ಕಂಡರೆ ದುರ್ಬಲ. ಪ್ಲಗ್ ತಾಗಿಸದೆ ಕ್ಯಾಪನ್ನು ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯಬೇಡಿ, ಹೋಗಲು ಜಾಗವಿಲ್ಲದ ವೋಲ್ಟೇಜು ಕಾಯಿಲನ್ನೂ ಸಿಡಿಐಯನ್ನೂ ಕೆಡಿಸಬಹುದು.

ಕಿಡಿ ಇಲ್ಲದಿದ್ದರೆ

ಬಿಚ್ಚಿಟ್ಟ ಹಳೆಯ ಪ್ಲಗ್ಗನ್ನು ಎಸೆದಿಲ್ಲ ತಾನೇ? ಅದನ್ನು ಹಾಕಿ ನೋಡಿ. ಹೊಸ ಭಾಗ ಎಂದ ಮಾತ್ರಕ್ಕೆ ಒಳ್ಳೆಯ ಭಾಗ ಎಂದು ನಂಬುವುದು ಮನೆಯ ರಿಪೇರಿಯ ದೊಡ್ಡ ಬಲೆ. ಹಳೆಯ ಪ್ಲಗ್ಗಿನಲ್ಲಿ ಕಿಡಿ ಬಂದರೆ ಹುಡುಕಾಟ ಮುಗಿಯಿತು.

ಹೊಸ ಪ್ಲಗ್ಗಿನಲ್ಲಿ ಎರಡು ಸಂಗತಿ ನೋಡಿ. ಒಂದು, ತುದಿಯ ಗ್ಯಾಪ್. ಗಾಡಿಗೆ ತಕ್ಕಂತೆ ಅದು 0.6-0.7 ಅಥವಾ 0.8-0.9 ಮಿ.ಮೀ. ಇರಬೇಕಾಗುತ್ತದೆ, ನಿಮ್ಮ ಗಾಡಿಯ ಕೈಪುಸ್ತಕದಲ್ಲಿರುವ ಅಳತೆಯೇ ಅಂತಿಮ. ಕೈಜಾರಿ ಬಿದ್ದ ಪ್ಲಗ್ಗಿನಲ್ಲಿ ಗ್ಯಾಪ್ ಪೂರ್ತಿ ಮುಚ್ಚಿಹೋಗಿ, ಕಿಡಿ ಹಾರಲು ಜಾಗವೇ ಇಲ್ಲದಿರಬಹುದು. ಎರಡು, ಪ್ಲಗ್ಗಿನ ನೆತ್ತಿ. ಅಂಗಡಿಯಿಂದ ತಂದ ಪ್ಲಗ್ಗಿನ ನೆತ್ತಿಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ನಟ್ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಕೆಳಗೆ ಮರೆಯಿರುವ ಸಣ್ಣ ಕಡ್ಡಿ ಕಾಣುತ್ತದೆ. ನಮ್ಮ ಹೆಚ್ಚಿನ ಬೈಕುಗಳ ಕ್ಯಾಪ್ ಹಿಡಿದುಕೊಳ್ಳುವುದು ಆ ಕಡ್ಡಿಯನ್ನೇ ಹೊರತು ಮೇಲಿನ ನಟ್ಟನ್ನಲ್ಲ. ನಟ್ ತೆಗೆಯದೆ ಕ್ಯಾಪ್ ಒತ್ತಿದರೆ ಹೊರಗಿನ ರಬ್ಬರ್ ಕೂತಂತೆ ತೋರುತ್ತದೆ, ಒಳಗೆ ಸಂಪರ್ಕ ಇರುವುದಿಲ್ಲ. ಹಳೆಯ ಪ್ಲಗ್ಗಿನ ನೆತ್ತಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಒಂದು ನೋಟದಲ್ಲಿ ಗೊತ್ತಾಗುತ್ತದೆ.

ಅಲ್ಲೂ ಸರಿಯಿದ್ದರೆ ಕ್ಯಾಪನ್ನು ನೋಡಿ. ಅದು ದಪ್ಪ ವೈರಿಗೆ ತಿರುಪಿನಿಂದ ಕೂತಿರುತ್ತದೆ. ಪ್ಲಗ್ ಬಿಚ್ಚುವಾಗ ವೈರ್ ಹಿಡಿದು ಎಳೆದಿದ್ದರೆ ಒಳಗಿನ ಹಿಡಿತ ಸಡಿಲವಾಗಿರುತ್ತದೆ. ಕ್ಯಾಪನ್ನು ಎಡಕ್ಕೆ ತಿರುಗಿಸಿ ಬಿಚ್ಚಿ, ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ತಾಮ್ರ ಹೊಳೆಯುವಂತೆ ಮಾಡಿ, ಮತ್ತೆ ಬಿಗಿಯಾಗಿ ತಿರುಗಿಸಿ ಕೂರಿಸಿ.

ಟ್ಯಾಂಕ್ ಇಳಿಸಿ ಮತ್ತೆ ಕೂರಿಸಿದ ಗಾಡಿಗಳಲ್ಲಿ ಇನ್ನೊಂದು ದೋಷ ಆಗಾಗ ಕಾಣುತ್ತದೆ, ಅದು ಎಂಥವರನ್ನೂ ದಾರಿ ತಪ್ಪಿಸುತ್ತದೆ. ಬ್ಯಾಟರಿ ತೆಗೆದರೂ ಕಿಕ್ಕಿಗೆ ಸ್ಟಾರ್ಟ್ ಆಗುವ ಹಳೆಯ ಗಾಡಿಗಳಲ್ಲಿ ಸಿಡಿಐಗೆ ಕರೆಂಟು ಬರುವುದು ಎಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್ಟಿನ ಕಾಯಿಲಿನಿಂದ. ಅಲ್ಲಿ ಕೀ ಮಾಡುವ ಕೆಲಸ ನಾವು ಎಣಿಸಿದ್ದಕ್ಕೆ ಉಲ್ಟಾ: ಆನ್ ಮಾಡಿದಾಗ ಅದು ಕರೆಂಟು ಕೊಡುವುದಿಲ್ಲ, ಆಫ್ ಮಾಡಿದಾಗ ಸಿಡಿಐಯ ಒಂದು ವೈರನ್ನು ಅರ್ತ್ ಮಾಡಿ ಕಿಡಿಯನ್ನು ಕೊಲ್ಲುತ್ತದೆ. ಹೋಂಡಾ ವಿನ್ಯಾಸದ ಗಾಡಿಗಳಲ್ಲಿ ಇದು ಬಿಳಿ ಗೆರೆಯಿರುವ ಕಪ್ಪು ವೈರ್. ಟ್ಯಾಂಕಿನ ಅಡಿಯಲ್ಲೋ ಹೆಡ್‌ಲೈಟ್ ಡೂಮಿನೊಳಗೋ ಅದು ಸಿಕ್ಕಿಕೊಂಡು, ಮೇಲಿನ ಪ್ಲಾಸ್ಟಿಕ್ ಸುಲಿದು ಚಾಸಿಗೆ ತಾಗಿದರೆ, ಕೀ ಆನ್ ಇದ್ದರೂ ಸಿಡಿಐ ಪಾಲಿಗೆ ಗಾಡಿ ಆಫ್ ಆಗಿಯೇ ಇರುತ್ತದೆ. ಸಿಡಿಐ ಬಳಿ ಆ ಒಂದು ವೈರನ್ನು ಮಾತ್ರ ಬಿಡಿಸಿ ಕಿಕ್ ಹೊಡೆಯಿರಿ. ಕಿಡಿ ಬಂದರೆ ಸಿಡಿಐ, ಕಾಯಿಲ್, ಮ್ಯಾಗ್ನೆಟ್ ಎಲ್ಲವೂ ಸರಿಯಾಗಿವೆ. ಆ ವೈರ್ ಹೋಗುವ ದಾರಿಯನ್ನು ಕೈಯಿಂದ ತಡವಿಕೊಂಡು ಹೋಗಿ ಸುಲಿದ ಜಾಗ ಹುಡುಕಿ, ಇನ್ಸುಲೇಷನ್ ಟೇಪು ಸುತ್ತಿ. ವೈರ್ ಬಿಡಿಸಿದ ಸ್ಥಿತಿಯಲ್ಲಿ ಎಂಜಿನ್ ಸ್ಟಾರ್ಟ್ ಆದರೆ ಕೀ ತಿರುಗಿಸಿದರೂ ಅದು ನಿಲ್ಲುವುದಿಲ್ಲ, ಬ್ರೇಕ್ ಹಿಡಿದು ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಬೇಕಾಗುತ್ತದೆ. ಬ್ಯಾಟರಿಯಿಂದ ನಡೆಯುವ ಸಿಡಿಐ ಇರುವ ಗಾಡಿಗಳಿಗೆ ಈ ಪರೀಕ್ಷೆ ಸಲ್ಲದು. ಅಲ್ಲಿ ಫ್ಯೂಸ್ ಮತ್ತು ಬ್ಯಾಟರಿಯನ್ನು ಮೊದಲು ನೋಡಬೇಕು.

ಎಡಗಡೆಯ ಮ್ಯಾಗ್ನೆಟ್ ಕವರ್ ಬಿಚ್ಚಿದ್ದರೆ ಕಿಡಿ ಯಾವಾಗ ಎಂದು ಸಿಡಿಐಗೆ ತಿಳಿಸುವ ಪಲ್ಸರ್ ಕಾಯಿಲಿನ ವೈರ್ ಕವರಿನ ಅಂಚಿಗೆ ಸಿಕ್ಕಿಕೊಂಡಿದೆಯೇ, ಹೊರಗೆ ಬರುವ ಕಪ್ಲರ್ ಗಟ್ಟಿಯಾಗಿ ಕೂತಿದೆಯೇ ನೋಡಿ. ಮ್ಯಾಗ್ನೆಟ್ಟನ್ನೇ ತೆಗೆದಿದ್ದವರು ಮ್ಯಾಗ್ನೆಟ್ಟನ್ನು ಶಾಫ್ಟಿಗೆ ಹಿಡಿದಿಡುವ ಅರ್ಧಚಂದ್ರಾಕಾರದ ಲೋಹದ ಕೀ ತನ್ನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಬೇಕು. ಅದು ಜಾರಿದ್ದರೆ ಕಿಡಿ ಚೆನ್ನಾಗಿಯೇ ಬರುತ್ತದೆ, ಆದರೆ ತಪ್ಪು ಹೊತ್ತಿಗೆ.

ಪ್ಲಗ್ ಒಣಗಿದ್ದರೆ

ಕಾರ್ಬೊರೇಟರಿನ ಅಡಿ ಬಟ್ಟಲಿನಲ್ಲಿ ಒಂದು ಡ್ರೈನ್ ಸ್ಕ್ರೂ ಇದೆ. ಕೆಳಗೊಂದು ಪಾರದರ್ಶಕ ಬಾಟಲಿ ಹಿಡಿದು ಅದನ್ನು ಸಡಿಲಿಸಿ. ಏನೂ ಬರದಿದ್ದರೆ ಅಥವಾ ಬಟ್ಟಲಿನಲ್ಲಿದ್ದಷ್ಟು ಬಂದು ನಿಂತುಹೋದರೆ ತಡೆ ಮೇಲೆಲ್ಲೋ ಇದೆ. ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಈಗ ಸರಾಗವಾಗಿ ಹರಿದರೆ ಮುಚ್ಚಳದ ಗಾಳಿತೂತು ಮುಚ್ಚಿದೆ. ಇಲ್ಲವಾದರೆ ಕಾಕ್, ಅದರ ಜಾಲರಿ, ಪೈಪಿನ ಮಡಿಕೆ ನೋಡಿ. ಎಲ್ಲವೂ ಸರಿಯಿದ್ದೂ ಬಾರದಿದ್ದರೆ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ನೀಡಲ್ ಮೇಲೆಯೇ ಅಂಟಿಕೊಂಡಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ಎರಡು ಬಾರಿ ತಟ್ಟಿದರೆ ಅದು ಬಿಡಿಸಿಕೊಳ್ಳುವುದುಂಟು.

ಬಾಟಲಿಗೆ ಬಂದ ಪೆಟ್ರೋಲನ್ನು ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರವೋ ಉರುಟು ಹನಿಗಳೋ ಕಂಡರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಸಮೇತ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಟ್ಯಾಂಕ್ ಇಳಿಸಿ ವಾರಗಟ್ಟಲೆ ಮೂಲೆಗಿಟ್ಟು ಮತ್ತೆ ಕೂರಿಸಿದ ಗಾಡಿಯಲ್ಲಿ ಇದನ್ನು ಖಂಡಿತ ನೋಡಬೇಕು. ನೀರು ಕಂಡರೆ ಟ್ಯಾಂಕು, ಬಟ್ಟಲು ಎರಡನ್ನೂ ಬರಿದು ಮಾಡಿ ಹೊಸ ಪೆಟ್ರೋಲ್ ಹಾಕುವುದೊಂದೇ ದಾರಿ.

ಬಟ್ಟಲಿನಲ್ಲಿ ಒಳ್ಳೆಯ ಪೆಟ್ರೋಲ್ ಇದ್ದೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳನ್ನು ಮತ್ತೆ ಬಿಚ್ಚಲೇಬೇಕು. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು, ಐಡಲಿನಲ್ಲಿ ನಿಲ್ಲಲು ಬೇಕಾದುದು ಸಣ್ಣದಾದ ಪೈಲಟ್ ಜೆಟ್. ಅದನ್ನು ಕಣ್ಣೆದುರು ಹಿಡಿದು ಬೆಳಕಿನತ್ತ ನೋಡಿ. ನಡುವೆ ಉರುಟಾದ, ಚುಕ್ಕಿಯಷ್ಟು ಬೆಳಕು ಸ್ಪಷ್ಟವಾಗಿ ಕಾಣಬೇಕು. ಅಂಚು ಸೊಟ್ಟಗಿದ್ದರೆ ಇನ್ನೂ ಕಸ ಇದೆ. ತೊಳೆಯುವಾಗ ಸಡಿಲವಾದ ಕಸ ಮುಂದಕ್ಕೆ ಸರಿದು ಅಲ್ಲಿ ಕೂರುವುದು ಸಾಮಾನ್ಯ, ಅದಕ್ಕೇ ತೊಳೆದ ಮೇಲೆ ಗಾಡಿ ಮೊದಲಿಗಿಂತ ಹದಗೆಟ್ಟಂತೆ ಕಾಣುವುದು. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿ. ಸೂಜಿ, ಪಿನ್ನು, ಸ್ಟೀಲ್ ತಂತಿ ಚುಚ್ಚಲೇಬೇಡಿ. ಜೆಟ್ ಹಿತ್ತಾಳೆಯದು, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮಿಶ್ರಣದ ಲೆಕ್ಕ ಶಾಶ್ವತವಾಗಿ ತಪ್ಪುತ್ತದೆ.

ಪೈಲಟ್ ಸ್ಕ್ರೂವನ್ನು ಬಿಚ್ಚಿದ್ದರೆ ಅದನ್ನು ಮೆಲ್ಲಗೆ ಕೊನೆಯವರೆಗೆ ತಿರುಗಿಸಿ, ತಾಗಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಅಲ್ಲಿಂದ ಒಂದೂವರೆಯಿಂದ ಎರಡು ಸುತ್ತು ಹೊರಗೆ ತನ್ನಿ. ಸ್ಟಾರ್ಟ್ ಮಾಡಲು ಇಷ್ಟು ಸಾಕು, ನಯವಾದ ಹೊಂದಾಣಿಕೆ ಎಂಜಿನ್ ಬಿಸಿಯಾದ ಮೇಲೆ. ಕೊನೆಯಲ್ಲಿ ಬಿಗಿದುಬಿಟ್ಟರೆ ಸ್ಕ್ರೂವಿನ ಚೂಪಾದ ತುದಿಯೂ ಅದು ಕೂರುವ ಜಾಗವೂ ಹಾಳಾಗುತ್ತವೆ.

ಇನ್ನು ಸ್ಲೈಡ್, ಅಂದರೆ ಆಕ್ಸಿಲರೇಟರ್ ಕೇಬಲಿನ ತುದಿಯಲ್ಲಿ ನೇತಾಡುವ ಉರುಳೆ. ಅದರ ಕೆಳ ಅಂಚಿನ ಒಂದು ಬದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಆ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗೆ ಇರಬೇಕು. ಮೈಮೇಲಿನ ಉದ್ದ ತೋಡು ಕಾರ್ಬೊರೇಟರಿನೊಳಗಿನ ಪಿನ್ನಿಗೆ ಕೂರಬೇಕು. ಉಲ್ಟಾ ಹಾಕಿದರೆ ಸ್ಲೈಡ್ ಪೂರ್ತಿ ಕೆಳಗೆ ಇಳಿಯುವುದಿಲ್ಲ, ಗಾಳಿ ಹೆಚ್ಚಾಗಿ ಚೋಕ್ ಎಳೆದರೂ ಎಂಜಿನ್ ಹಿಡಿಯುವುದಿಲ್ಲ. ಒಂದು ವೇಳೆ ಹಿಡಿದರೆ ಅತಿ ವೇಗದಲ್ಲಿ ಅರಚುತ್ತದೆ. ಪರೀಕ್ಷೆ ಸುಲಭ: ಆಕ್ಸಿಲರೇಟರ್ ತಿರುಗಿಸಿ ಥಟ್ಟನೆ ಬಿಡಿ, ಸ್ಲೈಡ್ ಕೆಳಗೆ ಬಿದ್ದು ಟಕ್ ಎಂದು ಸದ್ದಾಗಬೇಕು. ಸದ್ದು ಬರದಿದ್ದರೆ ಬಿಚ್ಚಿ ತಿರುಗಿಸಿ ಹಾಕಿ.

ಕಾರ್ಬೊರೇಟರ್ ಮತ್ತು ಎಂಜಿನ್ನಿನ ನಡುವಿನ ಓ-ರಿಂಗ್ ಬಿದ್ದುಹೋಗಿದ್ದರೂ ಮಡಚಿ ಕೂತಿದ್ದರೂ ಫಲ ಇದೇ. ಎರಡು ಬೋಲ್ಟುಗಳನ್ನು ಸಮವಾಗಿ, ಅಷ್ಟಷ್ಟೇ ಬಿಗಿಯಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಮುಖ ಓರೆಯಾಗಿ ಸಂದಿಯಿಂದ ಗಾಳಿ ನುಗ್ಗುತ್ತದೆ.

ಪ್ಲಗ್ ತೊಯ್ದಿದ್ದು ಕಿಡಿಯೂ ಇದ್ದರೆ

ಇದು ಪೆಟ್ರೋಲ್ ಉಕ್ಕಿದ ಲಕ್ಷಣ. ಕಾಕ್ ಮುಚ್ಚಿ, ಚೋಕ್ ತೆಗೆದು, ಪ್ಲಗ್ ಬಿಚ್ಚಿ ಒಣಗಿಸಿ. ಕೀ ಆಫ್ ಮಾಡಿ, ಕ್ಯಾಪನ್ನು ಪಕ್ಕಕ್ಕೆ ಸರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆದರೆ ಒಳಗಿನ ಆವಿ ಹೊರಹೋಗುತ್ತದೆ. ಒಣಗಿದ ಪ್ಲಗ್ ಹಾಕಿ, ಕೊನೆಯ ಭಾಗದಲ್ಲಿ ಹೇಳಿದಂತೆ ಆಯಿಲ್ ನೋಡಿಕೊಂಡು, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ. ಆಗ ಹಿಡಿದು, ಕಾಕ್ ತೆರೆದ ಸ್ವಲ್ಪ ಹೊತ್ತಿಗೆ ಮತ್ತೆ ತೊಯ್ದು ನಿಂತರೆ ಫ್ಲೋಟ್ ಉಲ್ಟಾ ಕೂತಿದೆ ಅಥವಾ ನೀಡಲ್ ಸೀಟಿನಲ್ಲಿ ಕಸವಿದೆ. ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಅನುಮಾನವೇ ಬೇಡ.

ತೊಳೆದ ಸ್ಪಂಜಿನ ಏರ್ ಫಿಲ್ಟರನ್ನು ಹಸಿಯಾಗಿಯೇ ಹಾಕಿದ್ದರೂ ಎಣ್ಣೆ ಹಿಂಡದೆ ಹಾಕಿದ್ದರೂ ಗಾಳಿ ಕಡಿಮೆಯಾಗಿ ಹೀಗೇ ಆಗುತ್ತದೆ.

ಕಿಡಿ, ಪೆಟ್ರೋಲ್ ಎರಡೂ ಇದ್ದು ಹಿಡಿಯದಿದ್ದರೆ

ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಕೀ ಆಫ್ ಇಟ್ಟು ಕಿಕ್ ಹೊಡೆಸಿ. ಬೆರಳನ್ನು ಗಾಳಿ ಬಲವಾಗಿ ತಳ್ಳಿ ಪುಸ್ ಎಂದು ಹಾರಿಸಬೇಕು. ಬೆರಳು ಸುಲಭವಾಗಿ ನಿಂತರೆ ಕಂಪ್ರೆಷನ್ ಇಲ್ಲ. ಕಿಕ್ ಹೊಡೆಯುವ ಕಾಲಿಗೂ ಇದು ತಿಳಿಯುತ್ತದೆ, ಪೆಡಲ್ ತಡೆಯೇ ಇಲ್ಲದೆ ಇಳಿದುಬಿಡುತ್ತದೆ.

ಟ್ಯಾಪೆಟ್ ಮುಟ್ಟಿದ್ದರೆ ಮೊದಲ ಅನುಮಾನ ಅಲ್ಲೇ. ಬಿಗಿ ಹೆಚ್ಚಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರಿಹೋಗುತ್ತದೆ. ಎಂಜಿನ್ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್ ಹೊಡೆತದ ತುದಿಯಲ್ಲಿರುವಾಗ ಮಾತ್ರ ಟ್ಯಾಪೆಟ್ ಅಳೆಯಬೇಕು. ಎಡಗಡೆ ಕವರಿನ ಮುಚ್ಚಳ ತೆಗೆದು, ಮ್ಯಾಗ್ನೆಟ್ ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿ. ಸ್ಪ್ಲೆಂಡರ್ ಬಳಗದ ಎಂಜಿನ್ನುಗಳಲ್ಲಿ ಅದನ್ನು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಬೇಕು. ಮ್ಯಾಗ್ನೆಟ್ಟಿನ ಮೇಲಿನ 'ಟಿ' ಗುರುತು ಕವರಿನ ಗುರುತಿಗೆ ಸರಿಹೊಂದಿದಾಗ ನಿಲ್ಲಿಸಿ. ಆದರೆ ಎಂಜಿನ್ನಿನ ನಾಲ್ಕು ಹೊಡೆತ ಮುಗಿಯಲು ಮ್ಯಾಗ್ನೆಟ್ ಎರಡು ಸುತ್ತು ತಿರುಗುವುದರಿಂದ 'ಟಿ' ಗುರುತು ಎರಡು ಬಾರಿ ಬರುತ್ತದೆ. ವಾಲ್ವ್‌ಗಳನ್ನು ಒತ್ತುವ ಎರಡೂ ರಾಕರ್‌ಗಳು ಬೆರಳಿಗೆ ಸ್ವಲ್ಪ ಅಲುಗಾಡಿದರೆ ಅದು ಸರಿಯಾದ ಸ್ಥಾನ. ಬಿಗಿಯಾಗಿದ್ದರೆ ಇನ್ನೊಂದು ಪೂರ್ಣ ಸುತ್ತು ತಿರುಗಿಸಿ. ತಪ್ಪು ಸ್ಥಾನದಲ್ಲಿ ಅಳೆದು ಕೂರಿಸಿದರೆ ಟ್ಯಾಪೆಟ್ ಬಹಳ ಸಡಿಲವಾಗಿ ಉಳಿದು, ವಾಲ್ವ್ ಬೇಕಾದಷ್ಟು ತೆರೆಯುವುದಿಲ್ಲ, ಸ್ಟಾರ್ಟ್ ಆದರೂ ಹೆಡ್ಡಿನಲ್ಲಿ ಟಕಟಕ ಸದ್ದು ಬರುತ್ತದೆ. ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಇಲ್ಲದೆ ಅಂದಾಜಿನಲ್ಲಿ ಟ್ಯಾಪೆಟ್ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುವ ಅಳತೆ ಕೈಯಂದಾಜಿಗೆ ಸಿಗುವಂಥದ್ದಲ್ಲ.

ಟೈಮಿಂಗ್ ಚೈನ್ ಬಿಚ್ಚಿದ್ದರೆ 'ಟಿ' ಗುರುತು ಹೊಂದಿಸಿಟ್ಟು ಮೇಲಿನ ಕ್ಯಾಮ್ ಸ್ಪ್ರಾಕೆಟ್ಟಿನ ಗುರುತು ಹೆಡ್ಡಿನ ಗುರುತಿಗೆ ನೇರವಾಗಿದೆಯೇ ನೋಡಿ. ಒಂದು ಹಲ್ಲು ತಪ್ಪಿದರೂ ಕಿಕ್ ವಾಪಸು ಒದೆಯುವುದು, ಕಾರ್ಬೊರೇಟರ್ ಕಡೆಗೆ ಉಗುಳುವುದು, ಸೈಲೆನ್ಸರಿನಲ್ಲಿ ಪಟ್ಟೆಂದು ಸಿಡಿಯುವುದು ಉಂಟು. ಗುರುತುಗಳು ಸರಿಯಿದ್ದೂ ಸ್ಪ್ಯಾನರಿನಿಂದ ತಿರುಗಿಸುವಾಗ ಲೋಹಕ್ಕೆ ಲೋಹ ತಾಗಿದಂತೆ ನಿಂತರೆ ಬಲ ಹಾಕಬೇಡಿ, ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ಕಿಗೆ ತೋರಿಸಿ.

ಸೆಲ್ಫ್ ತಿರುಗದಿದ್ದರೆ

ಬ್ಯಾಟರಿ ಬಿಚ್ಚಿ ಹಾಕಿದ್ದರೆ ಟರ್ಮಿನಲ್ ಬೋಲ್ಟುಗಳನ್ನು ಕೈಯಿಂದ ಅಲುಗಿಸಿ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಒತ್ತಿದಾಗ 10ಕ್ಕಿಂತ ಬಹಳ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಅಥವಾ ಸಂಪರ್ಕ ಸಡಿಲವಾಗಿದೆ. ರಿಲೇ ಕಟಕಟ ಎನ್ನುವುದೂ ಅದೇ ಮಾತನ್ನು ಹೇಳುತ್ತದೆ. ಏನೂ ಸದ್ದಿಲ್ಲದಿದ್ದರೆ ಫ್ಯೂಸ್, ಕ್ಲಚ್ ಲಿವರಿನ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ. ಪ್ಲಸ್ ಮೈನಸ್ ಅದಲು ಬದಲಾಗಿದ್ದರೆ ಫ್ಯೂಸ್ ಹೋಗಿರುತ್ತದೆ. ಅದೇ ಆಂಪಿಯರಿನ ಫ್ಯೂಸ್ ಹಾಕಿ, ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಬೇಡಿ. ಎಂಜಿನ್ ಇಳಿಸಿ ಕೂರಿಸಿದವರು ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ವೈರ್ ಹಾಕಿದ್ದೀರಾ ಎಂದು ನೋಡಿ.

ಇಂಜೆಕ್ಷನ್ ಗಾಡಿಯಾದರೆ

ಕೀ ಆನ್ ಮಾಡಿದಾಗ ಟ್ಯಾಂಕಿನೊಳಗೆ ಒಂದೆರಡು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಬೇಕು. ಎಂಜಿನ್ ದೀಪ ಹೊತ್ತಿ ಆರಬೇಕು. ಪಂಪ್ ಸದ್ದಿಲ್ಲದಿದ್ದರೆ ಫ್ಯೂಸ್, ಟ್ಯಾಂಕಿನಡಿಯ ಕಪ್ಲರ್ ನೋಡಿ. ದೀಪ ಆರದೆ ಮಿನುಗುತ್ತಿದ್ದರೆ ಮಿನುಗಿದ ಎಣಿಕೆಯನ್ನು ಬರೆದುಕೊಳ್ಳಿ, ಅದು ಯಾವ ಸೆನ್ಸರ್ ಎಂಬುದನ್ನು ಕೈಪುಸ್ತಕ ಹೇಳುತ್ತದೆ. ಗಾಡಿ ಉರುಳಿದಾಗ ಎಂಜಿನ್ ನಿಲ್ಲಿಸುವ ಸೆನ್ಸರನ್ನು ಬಿಚ್ಚಿದ್ದರೆ ಅದರ ಬಾಣದ ಗುರುತು ಮೇಲಕ್ಕೆ ಇರುವಂತೆ ಕೂರಿಸಬೇಕು. ಉಲ್ಟಾ ಕೂತರೆ ನಿಂತ ಗಾಡಿಯನ್ನೇ ಬಿದ್ದ ಗಾಡಿ ಎಂದು ತಿಳಿದು ಎಂಜಿನ್ ನಿಯಂತ್ರಿಸುವ ಇಸಿಯು ಡಬ್ಬಿ ಎಂಜಿನ್ನನ್ನು ಓಡಲು ಬಿಡುವುದಿಲ್ಲ. ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ, ಅದನ್ನು ಅಂಗಳದಲ್ಲಿ ಸುಮ್ಮನೆ ಕಳಚಬೇಡಿ.

ಹಿಡಿದ ಮೇಲೆ

ಪೆಟ್ರೋಲ್ ಉಕ್ಕಿದ್ದ ಗಾಡಿಯಾದರೆ ಎಂಜಿನ್ ಓಡಿಸುವ ಮುಂಚೆಯೇ ಆಯಿಲ್ ಕಡ್ಡಿ ತೆಗೆದು ಮೂಸಬೇಕು. ಸಿಲಿಂಡರಿನ ಗೋಡೆಯಿಂದ ಇಳಿದ ಪೆಟ್ರೋಲ್ ಆಯಿಲಿಗೆ ಸೇರಿದ್ದರೆ ಮಟ್ಟ ಮೊದಲಿಗಿಂತ ಏರಿರುತ್ತದೆ, ಆಯಿಲ್ ತೆಳ್ಳಗೆ ಕೈಯಿಂದ ಜಾರುತ್ತದೆ. ಆ ಆಯಿಲ್ ಬದಲಿಸದೆ ಓಡಿಸಿದರೆ ಬೇರಿಂಗುಗಳೂ ಕ್ಯಾಮ್ ಶಾಫ್ಟೂ ಸವೆಯುತ್ತವೆ. ಸ್ಟಾರ್ಟ್ ಆದ ಗಾಡಿಯನ್ನು ಮುಚ್ಚಿದ ಶೆಡ್ಡಿನಲ್ಲಿ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡಲ್ ಹೊಂದಿಸಿ, ಹ್ಯಾಂಡಲನ್ನು ಎಡದ ಕೊನೆಗೂ ಬಲದ ಕೊನೆಗೂ ತಿರುಗಿಸಿ. ತಿರುಗಿಸಿದಾಗ ಎಂಜಿನ್ ವೇಗ ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿ ಹಾದುಹೋಗಿದೆ, ನಿಂತುಹೋದರೆ ಹ್ಯಾಂಡಲಿನ ಬುಡದಲ್ಲಿ ವೈರ್ ಸಿಕ್ಕಿಕೊಂಡಿದೆ. ಎರಡನ್ನೂ ರಸ್ತೆಗೆ ಇಳಿಯುವ ಮುಂಚೆ ಸರಿಪಡಿಸಿ.